ಬಂದರು ಉಳಿಯಿತು, ಊರು ಮರಳಿತು

1973ರ ಜನವರಿ 23. ರಾತ್ರಿ ಎರಡು ಗಂಟೆಗೆ ಇನ್ನೈದು ನಿಮಿಷ ಇತ್ತು. ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯಾಚೆ ಹೇಮಾಯ್ ಎಂಬ ಪುಟ್ಟ ದ್ವೀಪದಲ್ಲಿ, ಊರಂಚಿನ ಹುಲ್ಲುಗಾವಲು ಸೀಳಿತು. ನೋಡನೋಡುತ್ತಿದ್ದಂತೆ ಸೀಳು ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಹಬ್ಬಿ, ದ್ವೀಪದ ಒಂದು ದಡದಿಂದ ಇನ್ನೊಂದು ದಡದವರೆಗೂ ಬೆಂಕಿಯ ಬೇಲಿ ಎದ್ದು ನಿಂತಿತು. ಐದು ಸಾವಿರ ವರ್ಷಗಳಿಂದ ತಣ್ಣಗಿದ್ದ ನೆಲವದು.

ಅಲ್ಲಿ ಆಗ ಸುಮಾರು 5,300 ಜನ ಇದ್ದರು. ಹಿಂದಿನ ದಿನ ಸಮುದ್ರ ಕೆರಳಿದ್ದರಿಂದ ಮೀನುಗಾರಿಕೆ ದೋಣಿಗಳೆಲ್ಲ ಬಂದರಿನಲ್ಲೇ ಲಂಗರು ಹಾಕಿದ್ದವು. ಆ ಬಿರುಗಾಳಿಯೇ ಊರನ್ನು ಕಾಪಾಡಿತು ಎನ್ನಬೇಕು. ಬೆಳಗಾಗುವಷ್ಟರಲ್ಲಿ ಬಹುತೇಕ ಎಲ್ಲರೂ ಆ ದೋಣಿಗಳಲ್ಲಿ ಮುಖ್ಯಭೂಮಿಯತ್ತ ಹೊರಟಿದ್ದರು. ಐದು ತಿಂಗಳು ನಡೆದ ಆ ಸ್ಫೋಟದಲ್ಲಿ ಸತ್ತವರು ಒಬ್ಬರೇ. ನೆಲಮಾಳಿಗೆಯೊಂದರಲ್ಲಿ ಶೇಖರವಾಗಿದ್ದ ವಿಷಾನಿಲ ಅವರನ್ನು ಬಲಿ ತೆಗೆದುಕೊಂಡಿತು.

ಜನ ಬದುಕಿದರು, ಸರಿ. ಆದರೆ ಊರು?

ಹಿಂದೆ ಉಳಿದ ಕೆಲವು ನೂರು ಮಂದಿಯ ಮುಂದೆ ಎರಡು ಶತ್ರುಗಳಿದ್ದರು. ಒಂದು, ಆಕಾಶದಿಂದ ಸುರಿಯುತ್ತಿದ್ದ ಕಪ್ಪು ಬೂದಿ ಮತ್ತು ಕಿಟ್ಟ. ಅದರ ಭಾರಕ್ಕೆ ಚಾವಣಿಗಳು ಕುಸಿಯುತ್ತಿದ್ದವು. ಹಾರಿಬಂದ ಕೆಂಡದ ಕಲ್ಲುಗಳು ಕಿಟಕಿ ಒಡೆದು ಒಳಗೆ ಬಿದ್ದರೆ ಮನೆಯೇ ಹೊತ್ತಿ ಉರಿಯುತ್ತಿತ್ತು. ಅವರು ಕಿಟಕಿಗಳಿಗೆ ತಗಡು ಬಡಿದರು, ಸಲಿಕೆ ಹಿಡಿದು ಮಾಡು ಹತ್ತಿ ಬೂದಿ ತಳ್ಳಿದರು. ಎರಡನೆಯ ಶತ್ರು ಲಾವಾ. ಅದು ನಿಧಾನವಾಗಿ, ಆದರೆ ನಿಲ್ಲದೆ, ಬಂದರಿನ ಬಾಯಿಯತ್ತ ಸರಿಯುತ್ತಿತ್ತು.

ಮನೆ ಹೋದರೆ ಕಟ್ಟಿಕೊಳ್ಳಬಹುದು. ಬಂದರು ಮುಚ್ಚಿಹೋದರೆ ಈ ದ್ವೀಪದಲ್ಲಿ ಬದುಕಲು ಕಾರಣವೇ ಉಳಿಯುವುದಿಲ್ಲ. ಇಡೀ ದೇಶದಲ್ಲೇ ಮುಂಚೂಣಿಯ ಮೀನುಗಾರಿಕೆ ಕೇಂದ್ರ ಅದು. ಊರಿನ ಅನ್ನ ಬರುತ್ತಿದ್ದುದೇ ಆ ಇಕ್ಕಟ್ಟಾದ ನೀರದಾರಿಯಿಂದ. ಮರುನಿರ್ಮಾಣ ಶುರುವಾದದ್ದು ಜ್ವಾಲಾಮುಖಿ ತಣಿದ ಮೇಲಲ್ಲ, ಬಂದರನ್ನು ಬಿಟ್ಟುಕೊಡುವುದಿಲ್ಲ ಎಂದು ಅವರು ನಿರ್ಧರಿಸಿದ ದಿನವೇ.

ಭೌತವಿಜ್ಞಾನಿ ಥೋರ್ಬ್ಯೋರ್ನ್ ಸಿಗುರ್ಗೇರ್ಸನ್ ಅವರ ಸಲಹೆ ಕೇಳಲು ಸರಳ: ಲಾವಾದ ಮೇಲೆ ಸಮುದ್ರದ ನೀರು ಹೊಡೆಯಿರಿ. ಸಾವಿರ ಡಿಗ್ರಿಗೂ ಹೆಚ್ಚು ಬಿಸಿಯಿರುವ ಕಲ್ಲಿನ ಪ್ರವಾಹಕ್ಕೆ ನೀರೆರಚಿದರೆ ಪ್ರಯೋಜನವಾದೀತು ಎಂದು ಮೊದಲು ಹಲವರು ನಂಬಲಿಲ್ಲ. ಆದರೆ ಲಾವಾ ಹರಿಯುವುದು ಒಳಗಿನ ದ್ರವದಿಂದ. ಹೊರಗಿನ ಸಿಪ್ಪೆ ಗಟ್ಟಿಯಾದಷ್ಟೂ ಅದರ ಓಟ ಕುಗ್ಗುತ್ತದೆ. ಬಿರುಕುಗಳ ಮೂಲಕ ಇಳಿದ ನೀರು ಒಳಗೂ ಕಲ್ಲಿನ ಗೋಡೆಗಳನ್ನು ಕಟ್ಟುತ್ತದೆ. ಹಿಂದಿನಿಂದ ಬರುವ ಲಾವಾ ಆ ಗೋಡೆಗೆ ಎದೆಯೊಡ್ಡಿ ಅಲ್ಲೇ ರಾಶಿಯಾಗುತ್ತದೆ, ಇಲ್ಲವೇ ಬೇರೆ ದಿಕ್ಕಿಗೆ ತಿರುಗುತ್ತದೆ.

ಕೆಲಸಗಾರರು ಮಾಡಿದ್ದನ್ನು ಊಹಿಸಿಕೊಳ್ಳಿ. ಅಡಿಯಲ್ಲಿ ಇನ್ನೂ ಕೆಂಪಗಿದ್ದ ಲಾವಾದ ಮೇಲೆಯೇ ಬುಲ್ಡೋಜರ್ ಓಡಿಸಿ ದಾರಿ ಮಾಡಿದರು, ಆವಿಯ ಮೋಡದೊಳಗೆ ಪೈಪುಗಳನ್ನು ಎಳೆದರು. ಅವುಗಳಲ್ಲಿ ಪ್ಲಾಸ್ಟಿಕ್ ಪೈಪುಗಳೂ ಇದ್ದವು. ಒಳಗೆ ತಣ್ಣೀರು ಹರಿಯುತ್ತಿರುವ ತನಕ ಅವು ಕರಗಲಿಲ್ಲ! ಸುಮಾರು 30 ಕಿಲೋಮೀಟರ್ ಪೈಪು, 43 ಪಂಪುಗಳು, ಒಟ್ಟು 60 ಲಕ್ಷ ಘನ ಮೀಟರಿಗೂ ಮಿಕ್ಕಿದ ಸಮುದ್ರದ ನೀರು. ಈ ಪ್ರಮಾಣದಲ್ಲಿ ಲಾವಾವನ್ನು ತಡೆಯುವ ಪ್ರಯತ್ನ ಜಗತ್ತಿನಲ್ಲಿ ಅದಕ್ಕೆ ಮುಂಚೆ ನಡೆದಿರಲಿಲ್ಲ.

ಎಲ್ಲವೂ ಗೆಲುವಲ್ಲ. ಜ್ವಾಲಾಮುಖಿಯ ಕೋಡಿನ ದೊಡ್ಡ ತುಂಡೊಂದು ಮುರಿದು ಲಾವಾದ ಮೇಲೆ ತೇಲುತ್ತಾ ಬಂದರಿನತ್ತ ಹೊರಟಿತು. ಸ್ಥಳೀಯರು ಅದಕ್ಕೆ ‘ಅಲೆಮಾರಿ’ ಎಂಬರ್ಥದ ಹೆಸರಿಟ್ಟರು. ಅದು ಬಂದರಿನ ಬಾಯಿ ಮುಟ್ಟುವ ಮುನ್ನವೇ ನಿಂತಿತು. ಆದರೆ ಮಾರ್ಚ್ ಕೊನೆಯ ಭಾಗದಲ್ಲಿ ನುಗ್ಗಿದ ಹೊಸ ಪ್ರವಾಹ ಊರಿನ ಪೂರ್ವ ಭಾಗದ ಇನ್ನೂರರಷ್ಟು ಮನೆಗಳನ್ನು ನುಂಗಿತು. ಜುಲೈ 3ರಂದು ಸ್ಫೋಟ ಮುಗಿಯಿತೆಂದು ಘೋಷಿಸುವ ವೇಳೆಗೆ ಸುಮಾರು ನಾನೂರು ಮನೆಗಳು ಇಲ್ಲವಾಗಿದ್ದವು. ಹುಲ್ಲುಗಾವಲು ಇದ್ದಲ್ಲಿ ಇನ್ನೂರು ಮೀಟರಿಗೂ ಎತ್ತರದ ಬೆಟ್ಟ ಎದ್ದಿತ್ತು. ಅದರ ಹೆಸರು ಎಲ್ಡ್‌ಫೆಲ್, ಅಂದರೆ ಬೆಂಕಿಬೆಟ್ಟ.

ಲಾವಾ ನಿಂತದ್ದರಲ್ಲಿ ನೀರಿನ ಪಾಲೆಷ್ಟು, ಜ್ವಾಲಾಮುಖಿಯ ಕಸುವು ತಾನಾಗಿ ಕುಂದಿದ್ದರ ಪಾಲೆಷ್ಟು ಎಂಬ ಬಗ್ಗೆ ಭಿನ್ನಾಭಿಪ್ರಾಯ ಉಂಟು. ಬಂದರು ಉಳಿಯಿತು ಎಂಬುದರಲ್ಲಿ ಮಾತ್ರ ಭಿನ್ನಮತವಿಲ್ಲ. ಅಷ್ಟೇ ಅಲ್ಲ, ಮೊದಲಿಗಿಂತ ಉತ್ತಮವಾಯಿತು. ಬಾಯಿಯ ಹತ್ತಿರ ಬಂದು ಗಟ್ಟಿಯಾದ ಲಾವಾವೇ ಅಲೆತಡೆಗೋಡೆಯಾಗಿ ನಿಂತಿತು.

ಮುಂದಿನ ಕೆಲಸಕ್ಕೆ ಸಲಿಕೆಯಷ್ಟೇ ಕಾನೂನೂ ಬೇಕಿತ್ತು. ದೇಶದ ಸಂಸತ್ತು ವಿಶೇಷ ಪರಿಹಾರ ನಿಧಿ ಸ್ಥಾಪಿಸಿತು, ಅದಕ್ಕಾಗಿ ತೆರಿಗೆ ಏರಿತು. 1975ರಲ್ಲಿ ನೈಸರ್ಗಿಕ ವಿಕೋಪಗಳಿಗೆ ಕಡ್ಡಾಯ ವಿಮೆಯ ವ್ಯವಸ್ಥೆಯೂ ಬಂತು. ಒಂದು ದ್ವೀಪದ ನಷ್ಟವನ್ನು ಇಡೀ ದೇಶ ಹಂಚಿಕೊಂಡದ್ದು ಈ ಕಥೆಯ ಕಡಿಮೆ ಪ್ರಸಿದ್ಧ, ಆದರೆ ಅತಿ ಮುಖ್ಯ ಭಾಗ.

ಬೀದಿಗಳಿಂದ ತೆಗೆದ ಬೂದಿಯೂ ವ್ಯರ್ಥವಾಗಲಿಲ್ಲ. ವಿಮಾನ ನಿಲ್ದಾಣದ ರನ್‌ವೇ ಉದ್ದ ಮಾಡಲು, ಹೊಸ ಮನೆಗಳ ನೆಲ ತುಂಬಲು ಅದನ್ನೇ ಬಳಸಿದರು. ಸ್ಮಶಾನದ ಗೇಟಿನ ಕಮಾನು ಮಾತ್ರ ಬೂದಿಯ ಮೇಲೆ ಇಣುಕುತ್ತಿತ್ತು. ಅಲ್ಲಿಯೂ ಅಗೆದು ಗೋರಿಗಳನ್ನು ಬಿಡಿಸಿದರು. ಒಳಗೆ ಬಿಸಿ ಉಳಿಸಿಕೊಂಡಿದ್ದ ಲಾವಾ ಅವರಿಗೆ ಒಲೆಯಾಯಿತು. ಅದರೊಳಗೆ ನೀರು ಇಂಗಿಸಿ, ಮೇಲೇಳುವ ಆವಿಯ ಶಾಖದಿಂದ ಮನೆಗಳನ್ನು ಬೆಚ್ಚಗಿಡುವ ಪ್ರಯೋಗ 1974ರಲ್ಲಿ ಒಂದು ಮನೆಯಿಂದ ಶುರುವಾಯಿತು. ಬರಬರುತ್ತಾ ಆಸ್ಪತ್ರೆಗೂ ಊರಿನ ಬಹುತೇಕ ಮನೆಗಳಿಗೂ ಅದೇ ಶಾಖ ತಲುಪಿತು.

ಗಾಳಿಗೆ ಏಳುವ ಬೂದಿಯನ್ನು ಕಟ್ಟಿಹಾಕಲು ಹುಲ್ಲಿನ ಬೀಜ ಬಿತ್ತಿದರು. ಲಾವಾ ತಾನಾಗಿ ಮಣ್ಣಾಗಲು ಬಹಳ ಕಾಲ ಬೇಕು. ವಿಜಯಪುರ, ಕಲಬುರಗಿಯ ಎರೆಹೊಲಗಳ ಕಪ್ಪುಮಣ್ಣೂ ಹುಟ್ಟಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಸವೆದು. ಹೇಮಾಯ್ ಜನರಿಗೆ ಕಾಯುವಷ್ಟು ವ್ಯವಧಾನ ಇರಲಿಲ್ಲ.

1975ರ ಮಾರ್ಚ್ ವೇಳೆಗೆ ಸುಮಾರು ಶೇ 80ರಷ್ಟು ಜನ ಹಿಂದಿರುಗಿದ್ದರು. ಉಳಿದವರಲ್ಲಿ ಅನೇಕರು ಮತ್ತೆ ಬರಲೇ ಇಲ್ಲ. ಅವರ ಬೀದಿಗಳು ಲಾವಾದ ಅಡಿಯಲ್ಲಿದ್ದವು. ಹಾಗೆ ಹೂತುಹೋದ ಮನೆಯೊಂದನ್ನು ಅಗೆದು ತೆಗೆದು, ಅದರ ಸುತ್ತಲೇ ಕಟ್ಟಿದ ಎಲ್ಡ್‌ಹೇಮಾರ್ ಮ್ಯೂಸಿಯಂ 2014ರಲ್ಲಿ ತೆರೆಯಿತು. ಪ್ರತಿ ವರ್ಷ ಜುಲೈ ಆರಂಭದಲ್ಲಿ ಊರವರು ಸ್ಫೋಟ ನಿಂತ ದಿನದ ಹಬ್ಬ ಮಾಡುತ್ತಾರೆ. ಮೀನು ತುಂಬಿದ ದೋಣಿಗಳು ಇಂದಿಗೂ ಆ ಲಾವಾ ಗೋಡೆಯ ಪಕ್ಕದಿಂದಲೇ ಬಂದರಿನೊಳಕ್ಕೆ ಬರುತ್ತವೆ.