ಹೆದ್ದಾರಿ 4ರ ಕೊನೆಯಲ್ಲಿ ರಾಕೆಟ್‌ಗಳು

ಈ ರಾಕೆಟ್‌ಗಳನ್ನ ನೋಡೋಕೆ ಟಿಕೆಟ್ ಬೇಡ. ಕಾರು, ಒಂದಷ್ಟು ಬಿಡುವು ಇದ್ರೆ ಸಾಕು!

ಟೆಕ್ಸಾಸ್‌ನ ದಕ್ಷಿಣ ತುದಿ, ಮೆಕ್ಸಿಕೋ ಗಡಿಯ ಊರು ಬ್ರೌನ್ಸ್‌ವಿಲ್. ಅಲ್ಲಿಂದ ಹೆದ್ದಾರಿ 4 ಹಿಡಿದ್ರೆ ಸುಮಾರು 35 ಕಿಲೋಮೀಟರ್ ಬಯಲು, ಜೌಗು, ಆಮೇಲೆ ಬೋಕಾ ಚಿಕಾ ಕಡಲತೀರ. ಅದರ ಪಕ್ಕದಲ್ಲೇ ಸ್ಪೇಸ್‌ಎಕ್ಸ್‌ನ ಉಡಾವಣಾ ಕಟ್ಟೆ. ಒಳಗೆ ಬಿಡಲ್ಲ, ಆದ್ರೆ ರಸ್ತೆ ಎಲ್ಲರದು.

ಸುಮಾರು 120 ಮೀಟರ್ ಎತ್ತರದ ಸ್ಟಾರ್‌ಶಿಪ್ ರಾಕೆಟ್ ಕಡೆಗೇ ಎಲ್ಲರ ಕಣ್ಣು. ನಾನು ಮಾತ್ರ ಮೊದಲು ಹುಡುಕೋದು ಅದರ ಹಳೇ ಪರೀಕ್ಷಾ ಮಾದರಿ ಸ್ಟಾರ್‌ಹಾಪರ್‌ನ. ಮೂರು ಕಾಲಿನ ಮೇಲೆ ನಿಂತ ನೀರಿನ ಟ್ಯಾಂಕ್ ಥರ ಇದೆ. 2019ರ ಆಗಸ್ಟ್‌ನಲ್ಲಿ ಒಂದೇ ಒಂದು ರ್‍ಯಾಪ್ಟರ್ ಎಂಜಿನ್ ಬಲದಿಂದ ಸುಮಾರು 150 ಮೀಟರ್ ಮೇಲೇರಿ, ಪಕ್ಕಕ್ಕೆ ಸರಿದು, ಇಳಿದು ನಿಂತಿತ್ತು. ಮೀಥೇನ್, ದ್ರವ ಆಮ್ಲಜನಕ ಉರಿಸೋ ಅದೇ ಜಾತಿಯ 33 ಎಂಜಿನ್ ಈಗ ಸ್ಟಾರ್‌ಶಿಪ್‌ನ ಕೆಳಭಾಗವಾದ ಬೂಸ್ಟರ್‌ನಲ್ಲಿವೆ. ಎಂಥಾ ದೊಡ್ಡ ನೆಗೆತ!

ಹೊರಡೋ ಮುಂಚೆ ರಸ್ತೆ ತೆರೆದಿದೆಯಾ ನೋಡ್ಕೊಳ್ಳಿ, ಪರೀಕ್ಷೆಯ ಹೊತ್ತಲ್ಲಿ ಮುಚ್ಚುತ್ತಾರೆ. ಗಡಿ ಹತ್ತಿರ ತಪಾಸಣೆ ಇರುತ್ತೆ, ಪಾಸ್‌ಪೋರ್ಟ್, ವೀಸಾ ಪತ್ರ ಜೊತೆಗಿರಲಿ.

ಉಡಾವಣೆ ದಿನ ಸೌತ್ ಪಾಡ್ರೆ ದ್ವೀಪಕ್ಕೆ ಹೋಗಿ. ಸುಮಾರು 8 ಕಿಲೋಮೀಟರ್ ದೂರ. ಮೊದಲು ಕಾಣೋದು ಬೆಂಕಿ. ಗುಡುಗು ನಿಮ್ಮನ್ನ ಮುಟ್ಟೋಕೆ ಇಪ್ಪತ್ತು ಸೆಕೆಂಡ್‌ಗೂ ಹೆಚ್ಚು ಬೇಕು. ಬೈನಾಕ್ಯುಲರ್ ಮರೀಬೇಡಿ!