ಉಂಡು ಬೇಟೆಗೆ ಹೊರಟ ಬೆಕ್ಕು

ನಮ್ಮಲ್ಲಿ ಬೆಕ್ಕು ಸಾಕುವುದೆಂದರೆ ಇಂದಿಗೂ ಬಹುಮಟ್ಟಿಗೆ ಎರಡು ಹೊತ್ತು ಹಾಲನ್ನವನ್ನೋ ಮೀನಿನ ತಲೆಯನ್ನೋ ಹಾಕಿ, ಮಿಕ್ಕ ಹೊತ್ತು ಅದರ ಪಾಡಿಗೆ ಅದನ್ನು ಬಿಟ್ಟುಬಿಡುವುದು. ನಾಯಿಗೆ ಸರಪಳಿ ಇದೆ, ದನಕ್ಕೆ ಕೊಟ್ಟಿಗೆ ಇದೆ, ಕೋಳಿಗೂ ಒಂದು ಗೂಡು ಇದೆ. ಬೆಕ್ಕಿಗೆ ಮಾತ್ರ ಹಿತ್ತಿಲು, ಮಾಡು, ಪಕ್ಕದ ಮನೆಯ ಅಟ್ಟ, ಬೀದಿ ಎಲ್ಲವೂ ತೆರೆದಿವೆ. ಹಿಂದಿನ ಬದುಕಿನಲ್ಲಿ ಈ ಏರ್ಪಾಟಿಗೆ ಅರ್ಥವಿತ್ತು. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಶುರುವಾಗಿ ಕಾಳು ಕೂಡಿಡುವ ರೂಢಿ ಬಂದಾಗ ಇಲಿ ಬಂತು, ಇಲಿಯ ಹಿಂದೆ ಅಲ್ಲಿಯ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕಿನ ಎಲುಬುಗಳು ಸಿಕ್ಕಿವೆ. ಕಣಜ ಕಾಯುವ ಬೆಕ್ಕು ಅಡ್ಡಾಡಲೇಬೇಕಿತ್ತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಈಗ ಕಣಜವೂ ಇಲ್ಲ, ಪಣತವೂ ಇಲ್ಲ. ಬೆಕ್ಕಿನ ಆಹಾರ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತದೆ. ಬಾಗಿಲು ಮಾತ್ರ ಮೊದಲಿನ ಹಾಗೆಯೇ ತೆರೆದಿದೆ. ಪೇಟೆ ಪಟ್ಟಣಗಳಲ್ಲಿ ಸಾಕುಬೆಕ್ಕನ್ನು ಕಾವಲಿಲ್ಲದೆ ಹೊರಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಕ್ಕನ್ನು ಪ್ರೀತಿಸುವವರಿಗೆ ಈ ಮಾತು ಕಠಿಣವೆನಿಸಬಹುದು. ಆದ್ದರಿಂದಲೇ ಕಾರಣಗಳನ್ನು ವಿವರವಾಗಿ ಮುಂದಿಡಬೇಕು.

ವಾದದ ತಿರುಳು ಇರುವುದು ಬೆಕ್ಕಿನ ಅನ್ನದ ಬಟ್ಟಲಿನಲ್ಲಿ. ಕಾಡಿನ ಬೇಟೆಗಾರ ಪ್ರಾಣಿಯ ಸಂಖ್ಯೆಯನ್ನು ಅದರ ಬೇಟೆಯೇ ಹಿಡಿತದಲ್ಲಿಡುತ್ತದೆ. ಮಳೆ ಕೈಕೊಟ್ಟು ಇಲಿ, ಮೊಲ ಕಡಿಮೆಯಾದ ವರ್ಷ ನರಿಯ ಮರಿಗಳು ಹೆಚ್ಚು ಬದುಕುವುದಿಲ್ಲ; ಬೇಟೆಗಾರರು ವಿರಳವಾದಾಗ ಬೇಟೆ ಮತ್ತೆ ಚೇತರಿಸಿಕೊಳ್ಳುತ್ತದೆ. ಸಾಕುಬೆಕ್ಕಿಗೆ ಈ ಕಟ್ಟಳೆ ಇಲ್ಲ. ಬಡಾವಣೆಯ ಕೊನೆಯ ಅಳಿಲು ಮುಗಿದ ದಿನವೂ ಸಂಜೆಗೆ ಅದರ ಬಟ್ಟಲು ತುಂಬಿರುತ್ತದೆ. ಒಂದು ಬೀದಿಯಲ್ಲಿ ಎಷ್ಟು ಬೆಕ್ಕು ಇರಬೇಕೆಂಬುದನ್ನು ಅಲ್ಲಿಯ ಮನೆಗಳು ತೀರ್ಮಾನಿಸುತ್ತವೆ, ಆ ತೀರ್ಮಾನದ ಬೆಲೆಯನ್ನು ಅಲ್ಲಿಯ ಹಕ್ಕಿ ಓತಿಕ್ಯಾತಗಳು ತೆರುತ್ತವೆ. ಹೊಟ್ಟೆ ತುಂಬಿದ ಬೆಕ್ಕು ಬೇಟೆಯಾಡುವುದಿಲ್ಲ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಇಲಿಯಷ್ಟೇ ಗಾತ್ರದ ಬೇಟೆಯನ್ನು ದಿನಕ್ಕೆ ಹಲವು ಸಲ ಹಿಡಿದು ಬದುಕಿದ ವಂಶ ಅದು. ಹಸಿವಾಗುವವರೆಗೆ ಕಾದು ಕೂತಿದ್ದರೆ ಆ ವಂಶ ಉಳಿಯುತ್ತಿರಲಿಲ್ಲ. ಎದುರಿಗೆ ಏನಾದರೂ ಮಿಸುಕಿದರೆ ಸಾಕು, ಉಂಡ ಬೆಕ್ಕಿನ ಮೈಯೂ ತಾನಾಗಿ ಕುಗ್ಗಿ ನೆಗೆತಕ್ಕೆ ಅಣಿಯಾಗುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಆರು ದೇಶಗಳ 900ಕ್ಕೂ ಹೆಚ್ಚು ಸಾಕುಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನೋಡಿತು. ಹೆಚ್ಚಿನವು ಮನೆಯಿಂದ ನೂರು ಮೀಟರಿನ ಆಚೆ ಹೋಗುವುದೇ ಅಪರೂಪ. ಹತ್ತಿರದಲ್ಲೇ ಇರುತ್ತದೆ ಎಂದು ಇದನ್ನು ಕೇಳಿ ನೆಮ್ಮದಿಪಡುವಂತಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಬೆಕ್ಕುಗಳು ಸೇರುವುದರಿಂದ, ಅದೇ ಗಾತ್ರದ ಕಾಡುಪ್ರಾಣಿ ಮಾಡುವುದಕ್ಕಿಂತ ಹಲವು ಪಟ್ಟು ಹಾನಿ ಮನೆಯ ಸುತ್ತಲ ಜೀವಿಗಳಿಗೆ ಆಗುತ್ತದೆ ಎಂಬುದು ಆ ಸಂಶೋಧಕರ ಲೆಕ್ಕ.

ನಮ್ಮ ಬೆಕ್ಕು ಒಂದು ಹಕ್ಕಿಯನ್ನೂ ಹಿಡಿದಿಲ್ಲ ಎಂದು ಸಾಕಿದವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರು ಕಾಣುವುದು ಮನೆಗೆ ತಂದದ್ದನ್ನು ಮಾತ್ರ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು 55 ಸಾಕುಬೆಕ್ಕುಗಳ ಕೊರಳಪಟ್ಟಿಗೆ ಪುಟ್ಟ ಕ್ಯಾಮೆರಾ ಕಟ್ಟಿದಾಗ ಶೇಕಡಾ 44ರಷ್ಟು ಬೆಕ್ಕುಗಳು ಬೇಟೆಯಾಡಿದ್ದು ಕಂಡಿತು. ಕೊಂದದ್ದರಲ್ಲಿ ಮನೆಗೆ ಬಂದದ್ದು ಕಾಲುಭಾಗಕ್ಕಿಂತ ಕಡಿಮೆ. ಸುಮಾರು ಅರ್ಧದಷ್ಟು ಕೊಂದ ಜಾಗದಲ್ಲೇ ಬಿದ್ದಿತ್ತು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸತ್ತದ್ದು ಹಲ್ಲಿ ಜಾತಿಯ ಸರೀಸೃಪಗಳು. ಇದನ್ನು ನಮ್ಮ ಕಾಂಪೌಂಡಿಗೆ ತಂದು ನೋಡಬೇಕು. ಪಿಕಳಾರ ಗೂಡು ಕಟ್ಟುವುದು ದಾಸವಾಳದ ಗಿಡದಲ್ಲಿ, ಬಾಲ್ಕನಿಯ ಕುಂಡದಲ್ಲಿ, ಕೈಗೆಟುಕುವ ಎತ್ತರದಲ್ಲಿ. ಸಿಂಪಿಗ ಎಲೆ ಹೊಲಿಯುವುದು ಅದಕ್ಕಿಂತಲೂ ಕೆಳಗೆ. ಪಿಕಳಾರದ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಟ್ಟು ಪೊದೆಯ ಬುಡದಲ್ಲಿ ಕುಪ್ಪಳಿಸುತ್ತವೆ; ತಾಯಿತಂದೆ ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ಆ ಕೆಲವು ದಿನ ಅವುಗಳ ಬದುಕು ತೂಗಾಡುವುದು ಪೊದೆಯ ಸುತ್ತ ಬೆಕ್ಕು ಇದೆಯೋ ಇಲ್ಲವೋ ಎಂಬುದರ ಮೇಲೆ. ಮಡಿವಾಳ ಹಕ್ಕಿ ಹುಳ ಹೆಕ್ಕುವುದು ನೆಲದಲ್ಲಿ, ಹಾವುರಾಣಿ ಬಿಸಿಲು ಕಾಯಿಸುವುದು ಮೆಟ್ಟಿಲ ಅಂಚಿನಲ್ಲಿ. ಇವೆಲ್ಲ ಬೆಕ್ಕಿನ ಕಣ್ಣಳತೆಯಲ್ಲೇ ಬದುಕುವ ಜೀವಿಗಳು.

ಇದಕ್ಕೆ ಎದುರಾಗಿ ಬ್ರಿಟನ್ನನ್ನು ತೋರಿಸುವವರಿದ್ದಾರೆ, ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಅಲ್ಲಿಯ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಆರ್‌ಎಸ್‌ಪಿಬಿ, ಬೆಕ್ಕುಗಳಿಂದಲೇ ದೇಶದ ಹಕ್ಕಿಗಳ ಸಂಖ್ಯೆ ಕುಸಿಯುತ್ತಿದೆ ಎನ್ನಲು ಸ್ಪಷ್ಟ ಪುರಾವೆಯಿಲ್ಲ ಎನ್ನುತ್ತದೆ. ಬೆಕ್ಕಿಗೆ ಸಿಕ್ಕವುಗಳಲ್ಲಿ ಅನೇಕವು ಚಳಿಗೋ ರೋಗಕ್ಕೋ ಹೇಗೂ ಸಾಯುತ್ತಿದ್ದಂಥವು ಎಂಬುದು ಅದರ ತರ್ಕ. ಅಮೆರಿಕದ ಲೆಕ್ಕ ಬೇರೆ. 2013ರಲ್ಲಿ ಬಂದ ಅಂದಾಜಿನಂತೆ ಅಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ, ಆದರೆ ಅದರಲ್ಲಿ ಮೂರರಲ್ಲಿ ಎರಡು ಭಾಗಕ್ಕೂ ಹೆಚ್ಚು ಯಜಮಾನರಿಲ್ಲದ ಬೆಕ್ಕುಗಳ ಪಾಲು. ಹಕ್ಕಿಗಳು ಕಡಿಮೆಯಾಗಲು ದೊಡ್ಡ ಕಾರಣ ನೆಲೆ ಕಳೆದುಕೊಳ್ಳುವುದು, ಕೀಟನಾಶಕ, ಬದಲಾದ ಬೇಸಾಯ. ಬೆಕ್ಕಿನ ತಲೆಗೆ ಎಲ್ಲವನ್ನೂ ಕಟ್ಟುವುದು ಅನ್ಯಾಯ. ಆದರೆ ನೆಲೆ ಕಳೆದುಕೊಂಡಿವೆ ಎಂಬುದೇ ಇನ್ನೂ ಎಚ್ಚರವಾಗಿರಲು ಕಾರಣ ಅಲ್ಲವೇ? ಕೆರೆ ಮುಚ್ಚಿ, ತೋಪು ಕಡಿದು ಕಟ್ಟಿದ ಬಡಾವಣೆಯಲ್ಲಿ ಹಕ್ಕಿಗೆ ಉಳಿದದ್ದು ಕೆಲವು ಕಾಂಪೌಂಡುಗಳ ಗಿಡ, ಒಂದು ಉದ್ಯಾನ. ಬೆಕ್ಕು ಓಡಾಡುವುದೂ ಸರಿಯಾಗಿ ಅಲ್ಲಿಯೇ. ದೇಶದ ಒಟ್ಟು ಸಂಖ್ಯೆಯಲ್ಲಿ ಕಾಣದ ನಷ್ಟ ಒಂದು ಬೀದಿಯ ಮಟ್ಟಿಗೆ ಪೂರ್ಣ ನಷ್ಟವಾಗಬಹುದು. ಜಾಗ ಚಿಕ್ಕದಾದರೆ ಏನಾಗುತ್ತದೆ ಎಂಬುದನ್ನು ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪ ತೋರಿಸಿದೆ: 1894ರ ಹೊತ್ತಿಗೆ ದೀಪಸ್ತಂಭದವರ ಜೊತೆ ಬೆಕ್ಕು ಬಂತು, ಕೆಲವೇ ವರ್ಷಗಳಲ್ಲಿ ಹಾರಲಾರದ ಪುಟ್ಟ ಹಕ್ಕಿಯೊಂದು ಅಲ್ಲಿಂದ, ಅಂದರೆ ಜಗತ್ತಿನಿಂದಲೇ, ಇಲ್ಲವಾಯಿತು. ನಮ್ಮ ಮಲೆನಾಡು, ಕೊಡಗಿನ ಕಾಡಂಚಿನ ಮನೆಗಳಿಗೆ ಇನ್ನೊಂದು ಆತಂಕವಿದೆ: ಸಾಕುಬೆಕ್ಕು ಕಾಡಿನ ಬೆಕ್ಕುಗಳ ಸಂಪರ್ಕಕ್ಕೆ ಬರುವುದು. ಸ್ಕಾಟ್ಲೆಂಡಿನ ಕಾಡುಬೆಕ್ಕು ಸಾಕುಬೆಕ್ಕಿನೊಡನೆ ಬೆರೆತು ಬೆರೆತು ತನ್ನ ತಳಿಯನ್ನೇ ಬಹುತೇಕ ಕಳೆದುಕೊಂಡಿದೆ. ಲಸಿಕೆ ಹಾಕಿಸದ ಬೆಕ್ಕಿನ ರೋಗಗಳು ಕಾಡಿನ ಸಣ್ಣ ಬೆಕ್ಕುಗಳಿಗೂ ದಾಟಬಲ್ಲವು.

ಹಕ್ಕಿಯನ್ನು ಬದಿಗಿಟ್ಟು ಬೆಕ್ಕಿನ ಹಿತವನ್ನಷ್ಟೇ ನೋಡಿದರೂ ತೀರ್ಪು ಬದಲಾಗದು. ಇಂಗ್ಲೆಂಡಿನ ಪಶುವೈದ್ಯರ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಕ್ಕುಗಳ ಸಾವಿಗೆ ಮೊದಲ ಕಾರಣವಾಗಿ ಕಂಡದ್ದು ಗಾಯ, ಅದರಲ್ಲೂ ಎಳೆಯ ವಯಸ್ಸಿನವುಗಳಲ್ಲಿ ವಾಹನಕ್ಕೆ ಸಿಕ್ಕ ಗಾಯ. ಅಲ್ಲಿ ಬೀದಿನಾಯಿಗಳ ಹಿಂಡಿಲ್ಲ. ಇಲ್ಲಿ ನಾಯಿಗಳಿವೆ, ಇಲಿಪಾಷಾಣ ತಿಂದು ಸಾಯುತ್ತಿರುವ ಇಲಿಗಳಿವೆ, ಗಂಡುಬೆಕ್ಕುಗಳ ಕಾದಾಟದ ಕಡಿತದಿಂದ ಹರಡುವ ಎಫ್‌ಐವಿ ಎಂಬ ವೈರಸ್ ಇದೆ, ಮರಿಗಳನ್ನು ಎರಡು ಮೂರು ದಿನದಲ್ಲಿ ಮುಗಿಸಿಬಿಡಬಲ್ಲ ಪ್ಯಾನ್‌ಲ್ಯುಕೋಪೀನಿಯ ಎಂಬ ರೋಗ ಇದೆ. ಮನೆಯವರ ಆರೋಗ್ಯದ ವಿಷಯವೂ ಇದರೊಂದಿಗೇ ಬರುತ್ತದೆ. ರೇಬೀಸ್ ಹೆಚ್ಚಾಗಿ ನಾಯಿಯಿಂದ ಬಂದರೂ ಬೆಕ್ಕಿನ ಕಡಿತದಿಂದಲೂ ಬರಬಲ್ಲದು. ಗರ್ಭಿಣಿಯರು ಹೆದರುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿಗೆ ತಗಲುವುದು ಮುಖ್ಯವಾಗಿ ಹಿಡಿದು ತಿಂದ ಇಲಿ, ಹಕ್ಕಿ, ಹಸಿಮಾಂಸದಿಂದ. ಒಳಗೇ ಬೆಳೆದು ಬೇಯಿಸಿದ ಆಹಾರ ತಿನ್ನುವ ಬೆಕ್ಕಿನಿಂದ ಆ ಭಯ ಬಹಳ ಕಡಿಮೆ. ಬಸಿರಾದ ಹೆಣ್ಣುಮಗಳು ಮನೆಗೆ ಬಂದಳೆಂದು ಬೆಕ್ಕನ್ನು ಹೊರಗೆ ಅಟ್ಟುವ ಮನೆಗಳಿಗೆ ಇದು ಗೊತ್ತಿರಬೇಕು.

ಹಾಗಾದರೆ ಕೂಡಿಹಾಕುವುದು ಹಿಂಸೆಯಲ್ಲವೇ? ಎಲ್ಲ ಆಕ್ಷೇಪಗಳಲ್ಲಿ ನನಗೆ ಅತ್ಯಂತ ಗಂಭೀರವೆನಿಸುವುದು ಇದು. ಎರಡು ಕೋಣೆಯ ಮನೆಯಲ್ಲಿ ಬೆಕ್ಕನ್ನು ಸುಮ್ಮನೆ ಬಾಗಿಲು ಹಾಕಿ ಇಟ್ಟರೆ ಹಿಂಸೆಯೇ. ಬೇಸರದಿಂದ ಅದು ಸೋಫಾ ಕಿತ್ತುಹಾಕುತ್ತದೆ, ಬೊಜ್ಜು ಬರುತ್ತದೆ, ಮೂತ್ರದ ತೊಂದರೆ ಕಾಣಿಸಿಕೊಳ್ಳುತ್ತದೆ. ಬೆಕ್ಕಿಗೆ ಬೇಕಾದದ್ದು ಏನೆಂದು ಬಿಡಿಸಿ ನೋಡಿದರೆ ದಾರಿ ಕಾಣುತ್ತದೆ: ಹತ್ತಿ ಕೂರಲು ಎತ್ತರದ ಜಾಗ, ಉಗುರು ಕೆರೆಯಲು ಗೋಣಿ ಸುತ್ತಿದ ಕಂಬ, ಅಡಗಲು ಒಂದು ರಟ್ಟಿನ ಪೆಟ್ಟಿಗೆ, ಬಿಸಿಲು ಬೀಳುವ ಕಿಟಕಿ, ಚೊಕ್ಕಟವಾದ ಮರಳಿನ ಟ್ರೇ, ಎಲ್ಲಕ್ಕಿಂತ ಮುಖ್ಯವಾಗಿ ಬೇಟೆಯಾಟ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ತುಂಬ ಬೆಳಕು ಚೆಲ್ಲುತ್ತದೆ. ಹೊರಗೆ ಹೋಗುವ ಬೆಕ್ಕುಗಳೊಡನೆ ದಿನಕ್ಕೆ ಐದರಿಂದ ಹತ್ತು ನಿಮಿಷ ಗರಿಯ ಆಟಿಕೆ ಹಿಡಿದು ಆಡಿದಾಗ ಅವು ಮನೆಗೆ ತರುವ ಬೇಟೆ ಶೇಕಡಾ 25ರಷ್ಟು ಇಳಿಯಿತು. ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಶೇಕಡಾ 36ರಷ್ಟು ಇಳಿಯಿತು. ಕೊರಳಿಗೆ ಗೆಜ್ಜೆ ಕಟ್ಟಿದ್ದರಿಂದ ಗಮನಿಸುವಷ್ಟು ವ್ಯತ್ಯಾಸವೇ ಆಗಲಿಲ್ಲ. ಬೇಟೆಯ ತುಡಿತವನ್ನು ಆಟದಿಂದ, ಸರಿಯಾದ ಆಹಾರದಿಂದ ಒಂದು ಮಟ್ಟಿಗೆ ತಣಿಸಬಹುದು ಎಂದಾಯಿತು. ಮಜ್ಜಿಗೆಯನ್ನವನ್ನೇ ಹಾಕಿ ಸಾಕುವ ಮನೆಗಳು ಯೋಚಿಸಬೇಕಾದ ಮಾತು. ಬೆಕ್ಕು ಮಾಂಸವಿಲ್ಲದೆ ಆರೋಗ್ಯವಾಗಿ ಬದುಕಲಾರದ ಪ್ರಾಣಿ. ಇನ್ನು ಹೊರಗಿನ ಗಾಳಿ ಬೇಕೇಬೇಕೆಂದರೆ ಬಾಲ್ಕನಿಗೆ ಬಲೆ ಹಾಕಿಸಬಹುದು. ಮಹಡಿಯಿಂದ ಬಿದ್ದು ಕಾಲು ದವಡೆ ಮುರಿದುಕೊಳ್ಳುವ ಬೆಕ್ಕುಗಳಿಗೆ ಆ ಬಲೆ ಹೇಗೂ ಬೇಕು. ಎದೆಪಟ್ಟಿ ಹಾಕಿ ಅಡ್ಡಾಡಿಸಲು ಮರಿಯಿದ್ದಾಗಲೇ ಕಲಿಸಿದರೆ ಎಷ್ಟೋ ಬೆಕ್ಕುಗಳು ಒಗ್ಗಿಕೊಳ್ಳುತ್ತವೆ.

ಇಲಿಗಳ ಗತಿಯೇನು ಎಂಬ ಪ್ರಶ್ನೆಗೆ ನ್ಯೂಯಾರ್ಕಿನಿಂದ ಒಂದು ಉತ್ತರ ಬಂದಿದೆ. ಅಲ್ಲಿಯ ಕಸ ಸಂಸ್ಕರಣಾ ಕೇಂದ್ರವೊಂದರ ಇಲಿಗಳನ್ನು 79 ದಿನ ಕ್ಯಾಮೆರಾದಲ್ಲಿ ಗಮನಿಸಿದಾಗ ಬೆಕ್ಕುಗಳು ಕೊಂದದ್ದು ಎರಡನ್ನು ಮಾತ್ರ. ಬೆಕ್ಕು ಕಂಡ ಇಲಿಗಳು ಅಡಗಿಕೊಂಡವು, ಕಡಿಮೆಯಾಗಲಿಲ್ಲ. ಸುಂಡಿಲಿ ಹಿಡಿಯುವ ಬೆಕ್ಕು ಹೆಗ್ಗಣದ ತಂಟೆಗೆ ಹೋಗುವುದು ಅಪರೂಪ. ನಗರದ ಹೆಗ್ಗಣಕ್ಕೆ ಮದ್ದು ಕಸದ ವಿಲೇವಾರಿ ಮತ್ತು ಮುಚ್ಚಿದ ಚರಂಡಿ. ಹಳ್ಳಿಯ ತೊಟ್ಟಿಮನೆಯಲ್ಲಿ, ಭತ್ತ ರಾಗಿ ತುಂಬಿಟ್ಟ ಉಗ್ರಾಣದಲ್ಲಿ ಬೆಕ್ಕಿಗೆ ಈಗಲೂ ಕೆಲಸವಿದೆ. ಅಲ್ಲಿ ಬಾಗಿಲು ಮುಚ್ಚಿ ಎನ್ನುವುದು ಅರ್ಥವಿಲ್ಲದ ಮಾತು. ಲಸಿಕೆ, ಸಂತಾನಹರಣ ಚಿಕಿತ್ಸೆ ಇವೆರಡನ್ನು ಮಾಡಿಸಿದರೆ ಅಲ್ಲಿ ದೊಡ್ಡ ಕೆಲಸವಾದಂತೆ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರಬಲ್ಲದು, ಗರ್ಭ ಒಂಬತ್ತು ವಾರ, ಒಂದು ಸೂಲಿಗೆ ನಾಲ್ಕು ಮರಿ, ವರ್ಷಕ್ಕೆ ಎರಡು ಮೂರು ಸೂಲು. ಸಾಕಲಾಗದೆ ಗೋಣಿಯಲ್ಲಿ ತುಂಬಿ ಮೀನು ಮಾರುಕಟ್ಟೆಯ ಹಿಂದೆ ಬಿಟ್ಟುಬರುವ ಮರಿಗಳು ಹುಟ್ಟುವುದು ಹೀಗೆ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಬೀದಿಯ ಬೆಕ್ಕುಗಳ ಬೇಟೆಗೆ ಮನೆಯ ಬೆಕ್ಕು ಹೊಣೆಯಲ್ಲ ಎನ್ನುವ ವಾದ ಇಲ್ಲಿ ಕುಸಿಯುತ್ತದೆ, ಏಕೆಂದರೆ ಬೀದಿಯ ಬೆಕ್ಕುಗಳಲ್ಲಿ ಎಷ್ಟೋ ಮನೆಯಿಂದಲೇ ಬಂದವು.

ಹತ್ತು ವರ್ಷ ಹೊರಗೆ ಅಲೆದ ಬೆಕ್ಕನ್ನು ಒಂದು ಬೆಳಿಗ್ಗೆ ಒಳಗೆ ಹಾಕಿ ಚಿಲಕ ಜಡಿಯಬೇಕೆಂದು ಯಾರೂ ಕೇಳುತ್ತಿಲ್ಲ. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಸಾಕುಬೆಕ್ಕು ಮನೆಯ ಆವರಣದಲ್ಲೇ ಇರಬೇಕೆಂಬ ನಿಯಮ ನಗರಕ್ಕೆಲ್ಲ ಬಂದಾಗ, ಅದು ಅನ್ವಯವಾದದ್ದು 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳಿಗೆ. ಕಾಡಂಚಿನ ಕೆಲವು ಬಡಾವಣೆಗಳನ್ನು ಬಿಟ್ಟರೆ ಹಳೆಯ ಬೆಕ್ಕುಗಳನ್ನು ಅವುಗಳ ಪಾಡಿಗೆ ಬಿಡಲಾಯಿತು. ಇದು ವಿವೇಕದ ನಡೆ. ಜರ್ಮನಿಯ ವಾಲ್‌ಡಾರ್ಫ್ ಊರಿನವರು ಅದೇ ವರ್ಷ ಇನ್ನೊಂದು ರೀತಿ ಮಾಡಿದರು: ನೆಲದಲ್ಲಿ ಗೂಡು ಕಟ್ಟುವ ಒಂದು ಜುಟ್ಟಿನ ಹಕ್ಕಿಯನ್ನು ಉಳಿಸಲು, ಅದು ಮರಿಮಾಡುವ ಕಾಲದಲ್ಲಿ ಆಗಸ್ಟ್ ಕೊನೆಯವರೆಗೆ ಊರಿನ ಒಂದು ಭಾಗದ ಬೆಕ್ಕುಗಳನ್ನು ಒಳಗಿಡಬೇಕೆಂದು ಆದೇಶ ಹೊರಡಿಸಿದರು. ನಮ್ಮಲ್ಲಿ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ. ಹೊಸದಾಗಿ ಮನೆಗೆ ಬರುವ ಮರಿಯನ್ನು ಮೊದಲ ದಿನದಿಂದಲೇ ಒಳಗೆ ಬೆಳೆಸಬಹುದು. ಈಗಾಗಲೇ ಹೊರಗಿನ ರುಚಿ ಕಂಡ ಬೆಕ್ಕನ್ನು, ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ಪಿಕಳಾರಗಳು ಮರಿಮಾಡುವ ತಿಂಗಳುಗಳಲ್ಲಿ, ಸಂಜೆಯಿಂದ ಬೆಳಿಗ್ಗೆ ಹೊತ್ತೇರುವವರೆಗಾದರೂ ಒಳಗಿರಿಸಿ, ಬಾಗಿಲು ತೆಗೆಯುವ ಮುನ್ನ ಅದರೊಡನೆ ಹತ್ತು ನಿಮಿಷ ಆಡಬಹುದು.