ಫೋಲಿಕ್ ಆಸಿಡ್ ಮಾತ್ರೆಯ ಕೆಲಸ ಯಾವುದು, ಊಟದ್ದು ಯಾವುದು?

ಫೋಲಿಕ್ ಆಸಿಡ್ ತಗೊಂಡ್ರೆ ಹುಟ್ಟೋ ಮಗು ಒಳ್ಳೆ ತೂಕ ಬರುತ್ತೆ ಅನ್ನೋ ಮಾತನ್ನು ಆಗಾಗ ಕೇಳ್ತೀನಿ. ಈ ಮಾತ್ರೆಯ ಖಚಿತ ಕೆಲಸ ಬೇರೆ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ನರನಾಳ ಸರಿಯಾಗಿ ಮುಚ್ಚಿಕೊಳ್ಳಲು ಅದು ಬೇಕು. ಗರ್ಭ ಕಟ್ಟಿದ ಸುಮಾರು 28 ದಿನದೊಳಗೇ ಇದು ಮುಗಿಯುತ್ತೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸಿರಾದದ್ದೇ ಗೊತ್ತಿರಲ್ಲ. ಹಾಗಾಗಿ ದಿನಕ್ಕೆ 400 ಮೈಕ್ರೋಗ್ರಾಂ ಗರ್ಭಕ್ಕೆ ಮೊದಲೇ ಶುರುವಾಗಬೇಕು.

ತೂಕದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳಲ್ಲ. ಮಗು 2.5 ಕಿಲೋಗಿಂತ ಕಡಿಮೆ ತೂಗುವುದರ ಹಿಂದೆ ತಾಯಿಯ ಅರೆಹೊಟ್ಟೆ, ರಕ್ತಹೀನತೆ, ಎಳೆವಯಸ್ಸಿನ ಬಸಿರು, ಅವಧಿಪೂರ್ವ ಹೆರಿಗೆ ಇರುತ್ತವೆ. ಕರ್ನಾಟಕದಲ್ಲಿ 2017ರಲ್ಲಿ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಬಿಸಿಯೂಟ ಶುರು ಮಾಡಿದ್ದು ಈ ಹಸಿವು ನೋಡಿಯೇ. ಮಾತ್ರೆ ಮೊದಲೇ ಸಿಗಲಿ, ಊಟ ನಿಲ್ಲದಿರಲಿ: ನಾವು ಸರ್ಕಾರವನ್ನು ಕೇಳಬೇಕಾದ್ದು ಎರಡನ್ನೂ.